ಗುರುಗುಟ್ಟುವ ನಾಯಿ ಸಿಂಹಾಸನ ಕೇಳುತ್ತಿಲ್ಲ: ‘ಆಲ್ಫಾ’ ತರಬೇತಿಯ ವಿವಾದ

ನಾಯಿ ಸಾಕಿದವರಿಗೆ ಉಪದೇಶ ಕೊಡುವವರಿಗೆ ಬರವಿಲ್ಲ. ಮರಿಯನ್ನು ಮನೆಗೆ ತಂದ ಮರುದಿನದಿಂದಲೇ ಅದು ಶುರುವಾಗುತ್ತದೆ. ನೀವು ಉಂಡ ಮೇಲೆಯೇ ಅದಕ್ಕೆ ಹಾಕಿ, ಬಾಗಿಲನ್ನು ನೀವೇ ಮೊದಲು ದಾಟಿ, ಸೋಫಾ ಹತ್ತಲು ಬಿಡಬೇಡಿ, ಹಗ್ಗ ಎಳೆಯುವ ಆಟದಲ್ಲಿ ಅದನ್ನು ಗೆಲ್ಲಿಸಬೇಡಿ, ಗುರುಗುಟ್ಟಿದರೆ ಬೆನ್ನ ಮೇಲೆ ಕೆಡವಿ ಒತ್ತಿ ಹಿಡಿಯಿರಿ. ಕಾರಣ ಕೇಳಿದರೆ ಎಲ್ಲಕ್ಕೂ ಒಂದೇ ಉತ್ತರ: ನಾಯಿ ತೋಳದ ವಂಶದ್ದು, ತೋಳಗಳ ಗುಂಪಿಗೆ ಒಬ್ಬ ನಾಯಕ ಇರುತ್ತಾನೆ, ಆ ‘ಆಲ್ಫಾ’ ಸ್ಥಾನವನ್ನು ನೀವು ಹಿಡಿಯದಿದ್ದರೆ ನಾಯಿಯೇ ಹಿಡಿಯುತ್ತದೆ.

ಈ ಮಾತು ಬಾಯಿಂದ ಬಾಯಿಗೆ ಎಷ್ಟು ಸಲೀಸಾಗಿ ಹರಡಿದೆಯೆಂದರೆ, ಅದರ ಬುಡ ಎಲ್ಲಿದೆ ಎಂದು ಕೇಳುವವರೇ ಕಡಿಮೆ. ಬುಡ ಹುಡುಕುತ್ತ ಹೋದರೆ ನಾವು ಮುಟ್ಟುವುದು ಒಂದು ಮೃಗಾಲಯದ ಆವರಣವನ್ನು.

ಪ್ರಾಣಿಗಳ ನಡುವಿನ ಮೇಲು–ಕೀಳಿನ ಕ್ರಮವನ್ನು ವ್ಯವಸ್ಥಿತವಾಗಿ ದಾಖಲಿಸಿದ್ದು ಮೊದಲು ಕೋಳಿಗಳಲ್ಲಿ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ಕುಕ್ಕಿಸಿಕೊಂಡು ಸುಮ್ಮನಿರುತ್ತದೆ ಎಂಬುದನ್ನು ನಾರ್ವೆಯ ಥೋರ್ಲೈಫ್ ಶೆಲ್ಡರಪ್-ಎಬ್ಬೆ 1920ರ ದಶಕದ ಆರಂಭದಲ್ಲಿ ವಿವರಿಸಿದರು. ತೋಳಗಳಲ್ಲೂ ಇಂಥದೇ ಕ್ರಮವನ್ನು ಕಂಡವರು ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್. ಅವರು ಬಾಸೆಲ್ ಮೃಗಾಲಯದ ತೋಳಗಳನ್ನು ವರ್ಷಗಟ್ಟಲೆ ಗಮನಿಸಿ 1947ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಸುಮಾರು ಹತ್ತು ಮೀಟರ್ ಅಗಲ, ಇಪ್ಪತ್ತು ಮೀಟರ್ ಉದ್ದದ ಜಾಗದಲ್ಲಿ ಹತ್ತರವರೆಗೆ ತೋಳಗಳು. ಕಾಡಿನಲ್ಲಾದರೆ ಜಗಳವಾಡಿದ ತೋಳ ಗುಂಪು ಬಿಟ್ಟು ಮೈಲುಗಟ್ಟಲೆ ದೂರ ಹೋಗಬಹುದು. ಇಲ್ಲಿ ಹೋಗಲು ದಾರಿಯೇ ಇರಲಿಲ್ಲ. ಅಂಥ ಕಡೆ ಸ್ಥಾನಕ್ಕಾಗಿ ಕಚ್ಚಾಟ ನಡೆದದ್ದರಲ್ಲಿ ಆಶ್ಚರ್ಯವಿಲ್ಲ. ಶೆಂಕೆಲ್ ಕಂಡದ್ದನ್ನೇ ಬರೆದರು. ಆದರೆ ಅವರು ಕಂಡದ್ದು ಬಂಧನದಲ್ಲಿದ್ದ ತೋಳಗಳ ಬದುಕು.

ಅಮೆರಿಕದ ತೋಳತಜ್ಞ ಎಲ್. ಡೇವಿಡ್ ಮೀಚ್ 1970ರಲ್ಲಿ ತೋಳಗಳ ಬಗ್ಗೆ ಬರೆದ ಪುಸ್ತಕ ಈ ‘ಆಲ್ಫಾ’ ಕಲ್ಪನೆಯನ್ನು ಸಾಮಾನ್ಯ ಓದುಗರವರೆಗೆ ತಲುಪಿಸಿತು. ಮುಂದೆ ಅದನ್ನು ಕೆಡವಲು ಹೆಚ್ಚು ದುಡಿದವರೂ ಅವರೇ ಎಂಬುದು ಈ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ. 1986ರಿಂದ ಅವರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಕಾಡುತೋಳಗಳ ಸನಿಹವೇ ಇದ್ದು ನೋಡಿದರು. ಅಲ್ಲಿ ಕಂಡ ಗುಂಪು ಒಂದು ಸಂಸಾರವಾಗಿತ್ತು: ಅಪ್ಪ, ಅಮ್ಮ, ಆ ವರ್ಷದ ಮರಿಗಳು, ಹಿಂದಿನ ಒಂದೆರಡು ವರ್ಷಗಳ ಬೆಳೆದ ಮಕ್ಕಳು. ಯಾರೂ ಯಾರನ್ನೂ ಸೋಲಿಸಿ ನಾಯಕತ್ವಕ್ಕೆ ಏರಿರಲಿಲ್ಲ. ಮರಿಗಳನ್ನು ಹೆತ್ತದ್ದರಿಂದಲೇ ಅವು ಮುಂದಾಳುಗಳು. ಮಕ್ಕಳು ಪ್ರಾಯಕ್ಕೆ ಬಂದಾಗ ಸಿಂಹಾಸನಕ್ಕೆ ಹೊಡೆದಾಡದೆ ಗುಂಪು ಬಿಟ್ಟು ಹೋಗಿ ತಮ್ಮ ಸಂಸಾರ ಹೂಡುತ್ತವೆ. 1999ರ ಪ್ರಬಂಧದಲ್ಲಿ ಮೀಚ್, ಇಂಥ ತೋಳವನ್ನು ಆಲ್ಫಾ ಎನ್ನುವುದು ಮನುಷ್ಯ ಸಂಸಾರದ ತಂದೆತಾಯಿಯನ್ನು ಆಲ್ಫಾ ಎಂದಂತೆ ಎಂದು ವಾದಿಸಿದರು. ತಮ್ಮ ಹಳೆಯ ಪುಸ್ತಕವನ್ನು ಮತ್ತೆ ಮುದ್ರಿಸಬೇಡಿ ಎಂದು ಪ್ರಕಾಶಕರಿಗೆ ಬಹುಕಾಲ ಕೇಳಿಕೊಂಡರು. ಅದರ ಮುದ್ರಣ ಕೊನೆಗೂ ನಿಂತದ್ದು 2022ರಲ್ಲಿ.

ತೋಳದ ಕಥೆ ಕುಸಿದ ಮೇಲೂ ತರಬೇತಿ ಏಕೆ ಉಳಿಯಿತು? ಏಕೆಂದರೆ ಬಲಪ್ರಯೋಗ ತೋಳಗಳ ಅಧ್ಯಯನಕ್ಕಿಂತ ಹಳೆಯದು. ಜರ್ಮನಿಯಲ್ಲಿ ಪೊಲೀಸ್ ಮತ್ತು ಸೇನಾ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ ತಮ್ಮ ಕೈಪಿಡಿಯನ್ನು ಹೊರತಂದದ್ದು 1910ರಲ್ಲಿ. ಕೊರಳಿಗೆ ಸರಪಳಿ, ಜೋರಾದ ಜಗ್ಗು, ತಪ್ಪಿಗೆ ಪೆಟ್ಟು ಆಗಲೇ ಇದ್ದವು. ತೋಳದ ಕಥೆ ಆಮೇಲೆ ಬಂದು ಅವಕ್ಕೆ ವಿಜ್ಞಾನದ ಅಂಗಿ ತೊಡಿಸಿತು. ನಾಯಿಯನ್ನು ಬೆನ್ನ ಮೇಲೆ ಕೆಡವಿ ಒತ್ತುವ ‘ಆಲ್ಫಾ ರೋಲ್’ ಮನೆಮನೆಗೆ ಹಬ್ಬಿದ್ದು, ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು 1978ರಲ್ಲಿ ಪ್ರಕಟಿಸಿದ ಪುಸ್ತಕದಿಂದ. 2002ರ ಪರಿಷ್ಕೃತ ಆವೃತ್ತಿಯಲ್ಲಿ ಅವರೇ ಆ ಸಲಹೆಯನ್ನು ಕೈಬಿಟ್ಟರು. ಆದರೆ ಎರಡೇ ವರ್ಷದಲ್ಲಿ, 2004ರಲ್ಲಿ, ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಯಲ್ಲಿ ನಾಯಿ ತರಬೇತುದಾರ ಸೀಸರ್ ಮಿಲಾನ್ ಅವರ ಕಾರ್ಯಕ್ರಮ ಶುರುವಾಗಿ, ಗುಂಪಿನ ನಾಯಕನಾಗಬೇಕೆಂಬ ಮಾತು ಮತ್ತೆ ಜಗತ್ತಿನ ಬೈಠಕ್‌ಖಾನೆಗಳಿಗೆಲ್ಲ ನುಗ್ಗಿತು.

ಆ ಕೆಡವುವ ಕ್ರಿಯೆಯನ್ನೇ ತುಸು ನಿಂತು ನೋಡಬೇಕು. ತೋಳಗಳಲ್ಲೂ ನಾಯಿಗಳಲ್ಲೂ ಬೆನ್ನ ಮೇಲೆ ಹೊರಳಿ ಹೊಟ್ಟೆ ತೋರಿಸುವುದು ನಿಜ. ಆದರೆ ಕೆಳಗಿರುವ ಪ್ರಾಣಿ ತಾನಾಗಿ ಹೊರಳುತ್ತದೆ. ನನ್ನಿಂದ ನಿನಗೆ ಅಪಾಯವಿಲ್ಲ, ಜಗಳ ಬೇಡ ಎಂದು ಅದೇ ಹೇಳಿಕೊಳ್ಳುವ ಬಗೆ ಅದು. ತನಗಿಂತ ಹಲವು ಪಟ್ಟು ಭಾರದ ಜೀವವೊಂದು ಬಲವಂತವಾಗಿ ಮಗುಚಿ ಕೊರಳ ಬಳಿ ಒತ್ತಿದರೆ ನಾಯಿಗೆ ತಿಳಿಯುವುದು ಒಂದೇ, ತನ್ನ ಪ್ರಾಣಕ್ಕೆ ಕುತ್ತು ಬಂದಿದೆ ಎಂದು. ಕೆಲವು ನಾಯಿಗಳು ಆಗ ಮರಗಟ್ಟುತ್ತವೆ, ಕೆಲವು ಮೂತ್ರ ಬಿಡುತ್ತವೆ, ಕೆಲವು ಮುಖಕ್ಕೇ ಬಾಯಿ ಹಾಕುತ್ತವೆ. ಒತ್ತುವವನ ಮುಖವೂ ಆಗ ಹಲ್ಲಿಗೆ ತೀರ ಹತ್ತಿರವಿರುತ್ತದೆ.

ಹಾಗಾದರೆ ನಾಯಿಗಳಲ್ಲಿ ಪ್ರಾಬಲ್ಯ ಎಂಬುದೇ ಇಲ್ಲವೇ? ಇಲ್ಲಿ ವಾದ ಜಟಿಲವಾಗುತ್ತದೆ, ಮತ್ತು ಆಲ್ಫಾ ವಿರೋಧಿಗಳು ಅವಸರದಲ್ಲಿ ಜಾರುವುದೂ ಇಲ್ಲಿಯೇ. ಬ್ರಿಟನ್ನಿನ ಜಾನ್ ಬ್ರಾಡ್‌ಶಾ ಮತ್ತು ಸಂಗಡಿಗರು 2009ರಲ್ಲಿ, ಸಾಕುನಾಯಿಗಳ ವರ್ತನೆಯನ್ನು ಅರಿಯಲು ಈ ಪರಿಕಲ್ಪನೆ ಬೇಕೇ ಎಂದು ಪ್ರಶ್ನಿಸಿದರು. ಯಾವ ನಾಯಿ ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತದೆ ಮತ್ತು ಎದುರಿರುವ ನಾಯಿಯೊಂದಿಗೆ ಹಿಂದೆ ಏನೇನು ನಡೆದಿದೆ ಎಂಬುದರಿಂದಲೇ ಹೆಚ್ಚಿನದನ್ನು ವಿವರಿಸಬಹುದು ಎಂಬುದು ಅವರ ನಿಲುವು. 2014ರಲ್ಲಿ ನೆದರ್ಲೆಂಡ್ಸ್‌ನ ಮಾಥೈಸ್ ಶಿಲ್ಡರ್ ಮತ್ತು ಸಂಗಡಿಗರು ಪ್ರತಿವಾದ ಮಂಡಿಸಿ, ನಾಯಿಗಳ ನಡುವೆ ಅಳೆಯಬಹುದಾದ ಪ್ರಾಬಲ್ಯ ಸಂಬಂಧಗಳಿವೆ, ಪರಿಕಲ್ಪನೆಯನ್ನು ಎಸೆಯಬೇಡಿ ಎಂದರು. ರೋಮ್ ನಗರದ ಹೊರವಲಯದ ಬೀದಿನಾಯಿಗಳ ಮೇಲೆ ಸಿಮೋನಾ ಕಫಾಜ್ಜೋ, ರಾಬರ್ತೋ ಬೊನಾನ್ನಿ ಮೊದಲಾದವರು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲೂ ಶ್ರೇಣಿ ಕಂಡುಬಂತು. ವಯಸ್ಸಾದ ನಾಯಿಗಳಿಗೆ ಎಳೆಯವು ತಗ್ಗಿ ನಡೆಯುತ್ತಿದ್ದವು.

ಅದೇ ಅಧ್ಯಯನದ ಇನ್ನೊಂದು ಎಳೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಗುಂಪು ಎತ್ತ ಹೋಗಬೇಕೆಂಬುದರಲ್ಲಿ ಉಳಿದವು ಹಿಂಬಾಲಿಸುತ್ತಿದ್ದುದು ಯಾವ ನಾಯಿಯನ್ನು ಎಂದು ನೋಡಿದಾಗ, ಮುಂದಿದ್ದವು ಬಾಲವಾಡಿಸುತ್ತ, ಮೂತಿ ಮುಟ್ಟುತ್ತ ಇತರ ನಾಯಿಗಳು ಅಕ್ಕರೆಯಿಂದ ಎದುರುಗೊಳ್ಳುತ್ತಿದ್ದ ಹಿರಿಯ ನಾಯಿಗಳು. ಹೆದರಿಸಿ ಬಗ್ಗಿಸಿದ ಮಾತ್ರಕ್ಕೆ ಹಿಂಬಾಲಕರು ಸಿಗುತ್ತಿರಲಿಲ್ಲ.

ಪ್ರಾಣಿವರ್ತನೆಯ ತಜ್ಞರು ಪ್ರಾಬಲ್ಯ ಎಂದಾಗ ಹೇಳುವುದು ಇಬ್ಬರ ನಡುವಿನ ಸಂಬಂಧವನ್ನು. ಎರಡು ನಾಯಿಗಳು ಒಂದೇ ವಸ್ತುವಿಗಾಗಿ ಮತ್ತೆ ಮತ್ತೆ ಎದುರಾದಾಗ ಯಾವುದು ಹಿಂದೆ ಸರಿಯುತ್ತದೆ ಎಂಬುದು ಅದರ ಅಳತೆಗೋಲು. ಹಾಗೆ ಒಂದು ಸರಿಯುವುದರಿಂದ ಪ್ರತಿ ಸಲ ಹೊಡೆದಾಡುವುದು ತಪ್ಪುತ್ತದೆ. ಇದು ನಾಯಿಯ ಹುಟ್ಟುಗುಣವಲ್ಲ. ಎಲುಬಿಗಾಗಿ ಯಾರಿಗೂ ಬಗ್ಗದ ನಾಯಿ ಹಾಸಿಗೆಯನ್ನು ತಕ್ಷಣ ಬಿಟ್ಟುಕೊಡಬಹುದು. ಆದ್ದರಿಂದ ‘ನಮ್ಮದು ಡಾಮಿನೆಂಟ್ ನಾಯಿ’ ಎಂದರೆ ನಾಯಿಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ನಡೆಯುವಾಗ ಕೊರಳ ಹಗ್ಗ ಎಳೆಯುವುದು, ಮೈಮೇಲೆ ಹಾರುವುದು, ಕರೆದರೆ ಬಾರದಿರುವುದು, ಮನೆಯೊಳಗೆ ಮೂತ್ರ ಮಾಡುವುದು, ಅಪರಿಚಿತರಿಗೆ ಬೊಗಳುವುದು, ಇವೆಲ್ಲಕ್ಕೂ ಒಂದೇ ಹಣೆಪಟ್ಟಿ ಹಚ್ಚಿದರೆ ಪ್ರತಿಯೊಂದರ ಹಿಂದಿನ ಬೇರೆಬೇರೆ ಕಾರಣವನ್ನು ಹುಡುಕುವ ಕೆಲಸವೇ ನಿಂತುಹೋಗುತ್ತದೆ. ಹಗ್ಗ ಎಳೆಯುವ ನಾಯಿಗೆ ಎಳೆದರೆ ಬೇಗ ಮುಂದೆ ಹೋಗಬಹುದೆಂದು ಗೊತ್ತು. ಮೈಮೇಲೆ ಹಾರುವ ನಾಯಿಗೆ ಹಾರಿದರೆ ಜನ ತನ್ನತ್ತ ನೋಡುತ್ತಾರೆಂದು ಗೊತ್ತು. ಬೊಗಳುವ ನಾಯಿಗೆ ಬಹಳ ಸಲ ಬರೀ ಭಯ.

ಸಿದ್ಧಾಂತವನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದೂ ಉಂಟು. ನಿಕೋಲಾ ರೂನಿ ಮತ್ತು ಬ್ರಾಡ್‌ಶಾ 14 ಗೋಲ್ಡನ್ ರಿಟ್ರೀವರ್ ನಾಯಿಗಳ ಜೊತೆ ಹಗ್ಗ ಎಳೆಯುವ ಆಟ ಆಡಿ, ಕೆಲವು ಸಲ ಅವನ್ನು ಗೆಲ್ಲಿಸಿದರು, ಕೆಲವು ಸಲ ಸೋಲಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಗೆದ್ದ ನಾಯಿ ಮನುಷ್ಯನ ಮೇಲೆ ಸವಾರಿ ಮಾಡಲು ಹೊರಡಲಿಲ್ಲ. ಆಟ ಮುಗಿದ ಮೇಲೆ, ಸೋತಿರಲಿ ಗೆದ್ದಿರಲಿ, ನಾಯಿಗಳು ಹೇಳಿದ ಮಾತನ್ನು ಇನ್ನಷ್ಟು ಕೇಳುತ್ತಿದ್ದವು. ಬಾಗಿಲಲ್ಲಿ ಕಾಯಿಸುವುದು, ಊಟಕ್ಕೆ ಮೊದಲು ಕೂರಿಸುವುದು ಇವುಗಳಿಂದ ಹಾನಿಯಿಲ್ಲ, ಒಳ್ಳೆಯದೂ ಆಗಬಹುದು. ದಿನವೂ ಒಂದೇ ರೀತಿ ನಡೆಯುವ ಮನೆಯಲ್ಲಿ ಮುಂದೇನು ಎಂಬುದು ನಾಯಿಗೆ ತಿಳಿದಿರುತ್ತದೆ, ಅದಕ್ಕೆ ನೆಮ್ಮದಿಯಿರುತ್ತದೆ. ಅದಕ್ಕೆ ಪಟ್ಟಾಭಿಷೇಕದ ಕಥೆಯನ್ನು ಸೇರಿಸುವ ಅಗತ್ಯವಿಲ್ಲ.

ಈಗ ಅತಿ ಕಷ್ಟದ ಸಂಗತಿಗೆ ಬರೋಣ, ಊಟದ ಬಟ್ಟಲ ಮುಂದೆ ಗುರುಗುಟ್ಟುವ ನಾಯಿ. ನಾಯಿ ತಿನ್ನುತ್ತಿದೆ. ಯಾರೋ ಹತ್ತಿರ ಬರುತ್ತಾರೆ. ಅದು ಮೊದಲು ತಿನ್ನುವ ವೇಗ ಹೆಚ್ಚಿಸುತ್ತದೆ. ತಲೆ ಬಟ್ಟಲೊಳಗೆ ಇನ್ನಷ್ಟು ಇಳಿಯುತ್ತದೆ, ಭುಜ ಬಿಗಿಯುತ್ತದೆ. ಬಂದವರು ಇನ್ನೂ ಹತ್ತಿರವಾದರೆ ಬಾಯಿ ಅಲ್ಲಾಡುವುದು ನಿಲ್ಲುತ್ತದೆ, ಮೈ ಕಲ್ಲಾಗುತ್ತದೆ. ತಲೆ ಎತ್ತದೆಯೇ ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿ ಬಿಳಿಭಾಗ ಅರ್ಧಚಂದ್ರದಂತೆ ಕಾಣುತ್ತದೆ. ಕೈ ಮುಂದೆ ಬಂದಾಗ ತುಟಿ ಎತ್ತಿ, ಗುರ್ ಎನ್ನುತ್ತದೆ. ಗುರುಗುಟ್ಟುವ ಹೊತ್ತಿಗೆ ನಾಯಿ ಮೂರ್ನಾಲ್ಕು ಸಲ ವಿನಂತಿಸಿಕೊಂಡು ಆಗಿರುತ್ತದೆ, ನಮಗೆ ಓದಲು ಬಂದಿರುವುದಿಲ್ಲ ಅಷ್ಟೇ.

ಪ್ರಾಬಲ್ಯವಾದಿ ಇಲ್ಲಿ ಸವಾಲು ಕಾಣುತ್ತಾನೆ. ಬಟ್ಟಲು ಕಸಿದುಕೊಳ್ಳಿ, ಕೊರಳಪಟ್ಟಿ ಜಗ್ಗಿ, ಬೇಕಾದರೆ ಕೆಡವಿ ಎನ್ನುತ್ತಾನೆ. ಹಾಗೆ ಮಾಡಿದರೆ ನಾಯಿ ಕಲಿಯುವುದು ಎರಡು ಪಾಠ. ಮನುಷ್ಯರು ಹತ್ತಿರ ಬಂದಾಗ ಊಟ ಹೋಗುತ್ತದೆ ಎಂಬ ಅದರ ಶಂಕೆ ಸರಿಯಾಗಿಯೇ ಇತ್ತು ಎಂಬುದು ಒಂದು. ಗುರುಗುಟ್ಟಿದರೆ ನೋವಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ಪಾಠ ಚೆನ್ನಾಗಿ ನಾಟಿದರೆ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ. ಮನೆಯವರು ಗೆದ್ದೆವು ಎಂದುಕೊಳ್ಳುತ್ತಾರೆ. ಊಟ ಹೋದೀತೆಂಬ ಭಯ ಮಾತ್ರ ಹಾಗೇ ಇದೆ, ಎಚ್ಚರಿಕೆಯ ಸದ್ದಷ್ಟೇ ಹೋಗಿದೆ. ಮುಂದೊಂದು ದಿನ ಮಗುವೊಂದು ಬಟ್ಟಲ ಹತ್ತಿರ ತೆವಳಿದಾಗ ‘ಯಾವ ಸೂಚನೆಯೂ ಇಲ್ಲದೆ ಕಚ್ಚಿತು’ ಎನ್ನುವಂತಾಗುತ್ತದೆ. ಆ ಸೂಚನೆಯನ್ನು ಹೊಡೆದು ಅಡಗಿಸಿದವರು ನಾವೇ. ಗುರುಗುಟ್ಟಿದ್ದಕ್ಕೆ ನಾಯಿಯನ್ನು ಶಿಕ್ಷಿಸಬೇಡಿ ಎಂದು ವರ್ತನಾ ತಜ್ಞರು ಪದೇ ಪದೇ ಹೇಳುವುದು ಮುದ್ದಿನಿಂದಲ್ಲ, ಮನೆಯವರ ಸುರಕ್ಷತೆಗಾಗಿ.

ಇನ್ನೊಂದು ದಾರಿ ಭಯದ ಬೇರಿಗೇ ಕೈ ಹಾಕುತ್ತದೆ. ನಾಯಿ ಇನ್ನೂ ಬಿಗಿಯದಷ್ಟು ದೂರದಲ್ಲಿ, ಎಷ್ಟೋ ಹೆಜ್ಜೆ ಆಚೆ, ಹಾದುಹೋಗುತ್ತ ಬಟ್ಟಲಲ್ಲಿ ಇರುವುದಕ್ಕಿಂತ ರುಚಿಯಾದ ತುಣುಕೊಂದನ್ನು ಅದರತ್ತ ಎಸೆದು ನಿಲ್ಲದೆ ಮುಂದೆ ಹೋಗುವುದು. ದಿನಗಳುರುಳಿದಂತೆ ನಾಯಿ ಬರುವವರನ್ನು ಕಂಡು ತಲೆ ಎತ್ತಿ, ಮೈ ಸಡಿಲಿಸಿ ಕಾಯತೊಡಗುತ್ತದೆ. ಆಗಷ್ಟೇ ಅಂತರವನ್ನು ತುಸು ಕಡಿಮೆ ಮಾಡುವುದು. ಮೈ ಬಿಗಿದರೆ ಅವಸರವಾಯಿತು ಎಂದರ್ಥ, ಹಿಂದಿನ ದೂರಕ್ಕೆ ಮರಳಬೇಕು. ಈಗಾಗಲೇ ಕಚ್ಚಿರುವ ನಾಯಿ, ಅಥವಾ ಚಿಕ್ಕ ಮಕ್ಕಳಿರುವ ಮನೆ ಎಂದಾದರೆ ಇದನ್ನು ಒಬ್ಬರೇ ಮಾಡಲು ಹೋಗದೆ ತಿಳಿದವರ ನೆರವು ಪಡೆಯಬೇಕು, ಅಲ್ಲಿಯವರೆಗೆ ಮುಚ್ಚಿದ ಬಾಗಿಲ ಹಿಂದೆ ಉಣಿಸಬೇಕು.

‘ಆದರೆ ಹೊಡೆದದ್ದು ಕೆಲಸ ಮಾಡಿತಲ್ಲ’ ಎಂಬ ಮಾತನ್ನು ತಳ್ಳಿಹಾಕಲಾಗದು. ಕೆಲಸ ಮಾಡುತ್ತದೆ, ಹಲವು ಸಲ ಆ ಕ್ಷಣದಲ್ಲೇ. ನೋವು, ಭಯ ಯಾವ ಪ್ರಾಣಿಯನ್ನಾದರೂ ತಡೆದು ನಿಲ್ಲಿಸುತ್ತವೆ. ಅದಕ್ಕೆ ನಾಯಕತ್ವದ ಅರ್ಹತೆ ಬೇಕಿಲ್ಲ. ಇಲ್ಲಿ ನಾಯಿಯಷ್ಟೇ ಅಲ್ಲ, ಮನುಷ್ಯನೂ ತರಬೇತಿ ಪಡೆಯುತ್ತಾನೆ: ಜಗ್ಗಿದ ಕೂಡಲೇ ಬೊಗಳು ನಿಂತಿತು ಎಂಬುದೇ ಅವನಿಗೆ ಬಹುಮಾನ, ನಾಳೆ ಇನ್ನೂ ಬೇಗ ಜಗ್ಗುತ್ತಾನೆ. ಬಲಪ್ರಯೋಗ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ತೋಳದ ಕಥೆಗಿಂತ ದೊಡ್ಡ ಕಾರಣ ಇದೆಂದು ನನ್ನ ಅಂದಾಜು. ಜೊತೆಗೆ, ಹೆದರಿ ಸ್ತಬ್ಧವಾದ ನಾಯಿಯನ್ನು ಶಾಂತವಾದ ನಾಯಿ ಎಂದು ತಿಳಿಯುವುದು ಬಹಳ ಸುಲಭ. ಮನುಷ್ಯರು ನಾಯಿಯ ಮುಖವನ್ನು ಎಷ್ಟು ತಪ್ಪಾಗಿ ಓದುತ್ತಾರೆಂಬುದಕ್ಕೆ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಮಾಡಿದ ಪ್ರಯೋಗ ಒಂದು ಸಾಕ್ಷಿ. ‘ತಪ್ಪೊಪ್ಪಿಕೊಂಡ’ ಮುಖ ಕಾಣಿಸಿದ್ದು ನಾಯಿ ತಪ್ಪು ಮಾಡಿದ್ದರಿಂದಲ್ಲ, ಒಡೆಯರು ಗದರಿದ್ದರಿಂದ. ತಪ್ಪೇ ಮಾಡದ ನಾಯಿಯೂ ಗದರಿದಾಗ ಅದೇ ಮುಖ ಮಾಡಿತು.

ಬೆಲೆ ತೆರುವುದು ನಂತರ. ಅಮೆರಿಕದ ಮೆಗನ್ ಹೆರಾನ್ ಮತ್ತು ಸಂಗಡಿಗರು ವರ್ತನೆಯ ತೊಂದರೆಗಾಗಿ ಪಶುವೈದ್ಯರಲ್ಲಿಗೆ ಬಂದ ನಾಯಿಗಳ 140 ಒಡೆಯರನ್ನು ಪ್ರಶ್ನಿಸಿ 2009ರಲ್ಲಿ ವರದಿ ಪ್ರಕಟಿಸಿದರು. ಹೊಡೆತ ಅಥವಾ ಒದೆತವನ್ನು ಪ್ರಯೋಗಿಸಿದವರಲ್ಲಿ ಶೇ 43, ಆಲ್ಫಾ ರೋಲ್ ಮಾಡಿದವರಲ್ಲಿ ಶೇ 31, ದಿಟ್ಟಿಸಿ ಹೆದರಿಸಿದವರಲ್ಲಿ ಶೇ 30 ಮಂದಿ, ನಾಯಿ ಅದಕ್ಕೆ ಆಕ್ರಮಣದಿಂದಲೇ ಉತ್ತರಿಸಿತು ಎಂದರು. ಪೋರ್ಚುಗಲ್‌ನಲ್ಲಿ ಅನಾ ಕಟರಿನಾ ವಿಯೆರಾ ದ ಕಾಸ್ತ್ರೊ ನೇತೃತ್ವದ ತಂಡ ತರಬೇತಿ ಶಾಲೆಗಳ 92 ನಾಯಿಗಳನ್ನು ಅಭ್ಯಸಿಸಿತು. ಶಿಕ್ಷೆ ಬಳಸುವ ಶಾಲೆಗಳ ನಾಯಿಗಳು ಪಾಠದ ವೇಳೆ ಹೆಚ್ಚು ತುಟಿ ನೆಕ್ಕುತ್ತಿದ್ದವು, ಆಕಳಿಸುತ್ತಿದ್ದವು. ಪಾಠದ ನಂತರ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿರುತ್ತಿತ್ತು. ಬಳಿಕ ಒಂದು ಜಾಣ ಪರೀಕ್ಷೆ: ಕೋಣೆಯ ಒಂದು ಬದಿಯ ಬಟ್ಟಲಲ್ಲಿ ಯಾವಾಗಲೂ ತಿನಿಸು, ಇನ್ನೊಂದು ಬದಿಯಲ್ಲಿ ಯಾವಾಗಲೂ ಖಾಲಿ. ಇದನ್ನು ಕಲಿಸಿದ ಮೇಲೆ ಬಟ್ಟಲನ್ನು ನಡುವೆ ಇಟ್ಟರೆ ನಾಯಿ ಓಡಿ ಹೋಗುತ್ತದೆಯೋ, ಹಿಂಜರಿಯುತ್ತದೆಯೋ? ಹೆಚ್ಚು ಶಿಕ್ಷೆ ಉಂಡ ನಾಯಿಗಳು ಹಿಂಜರಿದವು. ಒಳ್ಳೆಯದು ಸಿಗಬಹುದೆಂಬ ನಿರೀಕ್ಷೆಯೇ ಅವುಗಳಲ್ಲಿ ಕುಗ್ಗಿತ್ತು. 2020ರ ಈ ಅಧ್ಯಯನವನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಆ ಹಿಂಜರಿಕೆಯ ಮೇಲೆ.

ಇನ್ನೊಂದು ಪಕ್ಷದ ಆಕ್ಷೇಪಗಳಲ್ಲೂ ಹುರುಳಿದೆ. ಸಮೀಕ್ಷೆಗಳಿಂದ ಕಾರಣ–ಪರಿಣಾಮ ಸಿದ್ಧವಾಗುವುದಿಲ್ಲ. ಮೊದಲೇ ಉಗ್ರವಾದ ನಾಯಿಗೆ ಜನ ಹೆಚ್ಚು ಹೊಡೆದಿರಬಹುದು. 2024ರಲ್ಲಿ ಅನಾಮರಿ ಜಾನ್ಸನ್ ಮತ್ತು ಕ್ಲೈವ್ ವಿನ್, ಓಡುವ ವಸ್ತುವಿನ ಬೆನ್ನಟ್ಟುವ 19 ನಾಯಿಗಳಲ್ಲಿ ವಿದ್ಯುತ್ ಆಘಾತ ನೀಡುವ ಕಾಲರ್ ಬೆನ್ನಟ್ಟುವಿಕೆಯನ್ನು ಬೇಗ ನಿಲ್ಲಿಸಿತು, ತಿನಿಸು ಬಳಸಿದ ತರಬೇತಿ ನಿಲ್ಲಿಸಲಿಲ್ಲ ಎಂದು ವರದಿ ಮಾಡಿದರು. ನಾಯಿಗಳ ಸಂಖ್ಯೆ ಚಿಕ್ಕದು, ಕೆಲವೇ ದಿನಗಳ ತರಬೇತಿ, ನುರಿತವರು ಬಹುಮಾನದಿಂದ ಕಲಿಸುವ ರೀತಿ ಅದಲ್ಲ ಎಂಬ ಟೀಕೆಗಳು ಬಂದವು. ಅದಕ್ಕೆ ಹಿಂದೆ, 2014ರಲ್ಲಿ, ಜೊನಾಥನ್ ಕೂಪರ್ ಮತ್ತು ಸಂಗಡಿಗರು ಕರೆದರೆ ಬಾರದಂಥ ತೊಂದರೆಯಿದ್ದ 63 ನಾಯಿಗಳನ್ನು ಹೋಲಿಸಿದಾಗ ಕಾಲರಿನಿಂದ ಹೆಚ್ಚಿನ ಲಾಭವೇನೂ ಕಂಡಿರಲಿಲ್ಲ, ಒತ್ತಡದ ಚಿಹ್ನೆಗಳು ಮಾತ್ರ ಕಂಡಿದ್ದವು. ವೇಲ್ಸ್ 2010ರಲ್ಲೇ ಈ ಕಾಲರುಗಳನ್ನು ನಿಷೇಧಿಸಿದೆ. ರಸ್ತೆಗೋ ಜಾನುವಾರುಗಳ ಹಿಂದೆಯೋ ನುಗ್ಗಿ ಪ್ರಾಣಕ್ಕೇ ಅಪಾಯ ತಂದುಕೊಳ್ಳುವ ನಾಯಿಗೆ ಏನು ಮಾಡಬೇಕೆಂಬ ಪ್ರಶ್ನೆ ಪ್ರಾಮಾಣಿಕವಾದದ್ದು. ಉದ್ದ ಹಗ್ಗ, ಬೇಲಿ, ತಾಳ್ಮೆಯ ಅಭ್ಯಾಸಗಳಿಂದಲೇ ಅದಕ್ಕೆ ಉತ್ತರ ಸಿಗುತ್ತದೆ ಎಂಬುದು ನನ್ನ ನಂಬಿಕೆ. ಆದರೆ ಒಂದನ್ನು ಗಮನಿಸಿ: ಈ ಚರ್ಚೆ ನಡೆಯುತ್ತಿರುವುದು ಶಿಕ್ಷೆಯ ಪರಿಣಾಮದ ಬಗ್ಗೆ. ಆಲ್ಫಾ ಸ್ಥಾನದ ಕಥೆಗೆ ಇದರಲ್ಲಿ ಯಾವ ಆಧಾರವೂ ಸಿಗುವುದಿಲ್ಲ.

ಬಹುಮಾನದ ದಾರಿಯೆಂದರೆ ನಾಯಿಯನ್ನು ಹೇಗೆ ಬೇಕಾದರೂ ಇರಲು ಬಿಡುವುದು ಎಂದು ತಿಳಿಯುವವರಿದ್ದಾರೆ. ಸೋಫಾ ಬೇಡವೆಂದರೆ ಬೇಡ ಎಂಬ ನಿಯಮ ಇಲ್ಲೂ ಇರುತ್ತದೆ. ನೆಲದ ಹಾಸಿಗೆಯಲ್ಲಿ ಮಲಗಿದಾಗ ಮೆಚ್ಚುವುದು, ಹಾರಿದಾಗ ಬೆನ್ನು ತಿರುಗಿಸುವುದು, ಎಳೆದರೆ ನಿಂತುಬಿಡುವುದು, ಹಗ್ಗ ಸಡಿಲಾದಾಗಲೇ ಹೆಜ್ಜೆಯಿಡುವುದು, ಇವೆಲ್ಲ ಬಿಗಿಯಾದ ನಿಯಮಗಳೇ. ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ 2008ರಲ್ಲಿ ಪ್ರಾಬಲ್ಯ ಸಿದ್ಧಾಂತದ ಬಳಕೆಯ ವಿರುದ್ಧ ಎಚ್ಚರಿಸಿತ್ತು. 2021ರಲ್ಲಿ ಇನ್ನೂ ಮುಂದೆ ಹೋಗಿ, ಆಕ್ರಮಣಶೀಲ ನಾಯಿಗಳೂ ಸೇರಿದಂತೆ ಎಲ್ಲಕ್ಕೂ ಬಹುಮಾನ ಆಧಾರಿತ ವಿಧಾನಗಳನ್ನೇ ಬಳಸಬೇಕೆಂದಿತು.

ತರಬೇತಿಗಿಂತ ಮೊದಲು ಹೋಗಬೇಕಾದ ಜಾಗ ಪಶುವೈದ್ಯರದು. ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಬರೆದಂತೆ, ವರ್ತನೆಯ ತೊಂದರೆಗಾಗಿ ತಜ್ಞರ ಬಳಿ ಬರುವ ಪ್ರಕರಣಗಳಲ್ಲಿ ಕಡಿಮೆಯೆಂದರೂ ಮೂರನೇ ಒಂದು ಭಾಗದಲ್ಲಿ ಯಾವುದೋ ದೈಹಿಕ ನೋವು ಸೇರಿರುತ್ತದೆ. ಸೋಫಾದಿಂದ ಇಳಿಸಲು ಹೋದಾಗ ಹಲ್ಲು ತೋರಿಸುವ ನಾಯಿಗೆ ಸೊಂಟದ ಕೀಲು ನೋಯುತ್ತಿರಬಹುದು. ಅದನ್ನು ಹಿಡಿದು ಕೆಡವಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ.

ಅನೇಕ ದೇಶಗಳಲ್ಲಿ ನಾಯಿ ತರಬೇತುದಾರ ಎಂದು ಹಲಗೆ ಹಾಕಿಕೊಳ್ಳಲು ಯಾವ ಪರವಾನಗಿಯೂ ಬೇಕಿಲ್ಲ. ಹಾಗಾಗಿ ನಾಯಿಯನ್ನು ಒಪ್ಪಿಸುವ ಮೊದಲು ನೇರವಾಗಿ ಕೇಳಿ: ನನ್ನ ನಾಯಿ ಸರಿಯಾಗಿ ಮಾಡಿದಾಗ ಏನು ಮಾಡುತ್ತೀರಿ, ತಪ್ಪಿದಾಗ ಅದರ ಮೈಗೆ ಏನಾಗುತ್ತದೆ, ಪಾಠ ನಡೆಯುವಾಗ ನಾನು ಪಕ್ಕದಲ್ಲಿ ನಿಂತು ನೋಡಬಹುದೇ? ಉತ್ತರವಾಗಿ ಆಲ್ಫಾ, ಯಜಮಾನಿಕೆ ಎಂಬ ಮಾತುಗಳೇ ಬಂದರೆ, ಅಥವಾ ನಾಯಿಯನ್ನು ಬಿಟ್ಟು ಹೋಗಿ, ಕಲಿಸಿದ ಮೇಲೆ ಬನ್ನಿ ಎಂದರೆ, ನಾಯಿಯನ್ನು ಕರೆದುಕೊಂಡು ಅಲ್ಲಿಂದ ಹೊರಟುಬಿಡಿ.